ಮುಟ್ಟಿದರೂ ಕದಲದ ಬಾಣ

ಮನೆಯ ಯಂತ್ರಗಳು: ನಮ್ಮ ಖಾಯಂ ಅಂಕಣ

ಕಳೆದ ಸಂಚಿಕೆಯಲ್ಲಿ ಗೀಸರಿನ ವಿಚಾರ ಮಾತನಾಡಿದ್ದೆವು. ಈ ಸಲ ಇಸ್ತ್ರಿಪೆಟ್ಟಿಗೆಯ ಸರದಿ ಎಂದುಕೊಂಡು ಕಾಗದ ಲೇಖನಿ ಹಿಡಿದು ಕುಳಿತಿದ್ದೆ. ನಾಲ್ಕು ಸಾಲು ಬರೆದಿರಲಿಲ್ಲ, ಮೇಲಿನ ಮಹಡಿಯ ಟೀಚರಮ್ಮ ಬಂದು ಬಾಗಿಲು ತಟ್ಟಿದರು. ಅವರ ಕೈಯಲ್ಲಿದ್ದ ವಸ್ತುವನ್ನು ನೋಡಿದ ಮೇಲೆ ಇಸ್ತ್ರಿಪೆಟ್ಟಿಗೆ ಮುಂದಿನ ಸಂಚಿಕೆಗೆ ಹೋಯಿತು.

ಟೀಚರಮ್ಮ ಶಿವಮೊಗ್ಗದ ಕಡೆಯವರು. ಮದುವೆಯಾಗಿ ಬಂದಾಗ ಈ ಊರು ಇನ್ನೂ ಮದರಾಸು. ಇಲ್ಲಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು. ಈಗ ವಯಸ್ಸು ೭೮. ಯಜಮಾನರು ಹೋದ ಮೇಲೆ ನುಂಗಂಬಾಕ್ಕಂನ ಲೇಕ್ ಏರಿಯಾದಲ್ಲಿರುವ ನಮ್ಮ ಕಟ್ಟಡದಲ್ಲಿ ಒಬ್ಬರೇ ಇದ್ದಾರೆ. ಹೆಸರಿಗೆ ಲೇಕ್ ಏರಿಯಾ; ಕೆರೆ ಮುಚ್ಚಿ ಮನೆಗಳೆದ್ದು ಎಷ್ಟೋ ಕಾಲವಾಯಿತು. ಮಳೆಗಾಲದಲ್ಲಿ ಮಾತ್ರ ಕೆರೆಗೆ ತನ್ನ ಹಳೆಯ ಜಾಗ ನೆನಪಾಗುತ್ತದೆ. ಟೀಚರಮ್ಮನ ಮಗ ಪುಣೆಯಲ್ಲಿ, ಮಗಳು ಅಮೆರಿಕದ ನ್ಯೂಜೆರ್ಸಿಯಲ್ಲಿ. ಮಗಳ ಮಗಳಿಗೆ ಏಳು ವರ್ಷ.

ಆ ದಿನ ಶುಕ್ರವಾರ ಸಂಜೆ. ಟೀಚರಮ್ಮ ತಮ್ಮ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದರು.

"ರಾಯರೇ, ಇದನ್ನು ನೀವೇ ಇಟ್ಟುಕೊಂಡುಬಿಡಿ. ನಿಮ್ಮ ಮೊಮ್ಮಗನಿಗೆ ಆದೀತು. ನನಗೂ ಇದಕ್ಕೂ ಋಣ ತೀರಿತು."

"ಮೊದಲು ಒಳಗೆ ಬನ್ನಿ ಅಮ್ಮಾ. ಏನಾಯಿತು?"

"ಬಾಣ ಕದಲುತ್ತಿಲ್ಲ. ಮೂರು ದಿನದಿಂದ ಉಜ್ಜಿ ಉಜ್ಜಿ ಬೆರಳು ನೊಂದಿತು. ಅಂಗಡಿಗೆ ಕಳಿಸಿದೆ. ಆತ ಎರಡು ನಿಮಿಷ ನೋಡಿ, ಒಳಗಿನ ಮದರ್‌ಬೋರ್ಡೇ ಹೋಗಿದೆ, ಹನ್ನೊಂದು ಸಾವಿರ ಆಗುತ್ತದೆ ಅಂದನಂತೆ. ದುಡ್ಡಿನ ಮಾತು ಹಾಗಿರಲಿ. ನನಗೆ ಗೊತ್ತು ರಾಯರೇ, ಹೋಗಿರುವುದು ನನ್ನ ಬೆರಳು."

ನಮ್ಮಾಕೆ ಕಾಫಿ ತಂದಿಟ್ಟಳು. ಕಾಫಿ ಇಳಿಯುತ್ತಿದ್ದಂತೆ ಸಂಗತಿಯೂ ಒಂದೊಂದಾಗಿ ಹೊರಬಿತ್ತು. ನವೆಂಬರ್ ತಿಂಗಳಲ್ಲಿ ಹಲವು ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕಲ್ಲವೆ? ೨೦೧೪ರಿಂದ ಅದನ್ನು ಆಧಾರ್ ಮೂಲಕ ಕೊಡುವ ಜೀವನ್ ಪ್ರಮಾಣ್ ಎಂಬ ಏರ್ಪಾಡು ಬಂದಿದೆ. ಟೀಚರಮ್ಮ ಹೋಗಿ ಬೆರಳು ಒತ್ತಿದರು. ಯಂತ್ರ ಗುರುತು ಹಿಡಿಯಲಿಲ್ಲ. ಹತ್ತು ಬೆರಳನ್ನೂ ಒತ್ತಿಸಿ ನೋಡಿದರು, ಊಹೂಂ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ, ಐವತ್ತು ವರ್ಷ ಪಾತ್ರೆ ತಿಕ್ಕಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದೀತು? ಕೊನೆಗೆ ಮುಖ ತೋರಿಸಿ ಕೆಲಸವಾಯಿತು. ೨೦೨೧ರಿಂದ ಆ ಅನುಕೂಲವೂ ಇದೆ. ಆದರೆ ಅವರ ಮನಸ್ಸಿನಲ್ಲಿ ಅದು ಉಳಿದುಬಿಟ್ಟಿತ್ತು. ಸರ್ಕಾರದ ಯಂತ್ರಕ್ಕೆ ಬೇಡವಾದ ಬೆರಳು ಈಗ ಮನೆಯ ಯಂತ್ರಕ್ಕೂ ಬೇಡವಾಯಿತೆಂದು ಅವರು ತೀರ್ಮಾನಿಸಿಕೊಂಡಿದ್ದರು.

"ಒಂದು ಮೌಸ್ ತಂದರಾಯಿತಲ್ಲ?" ಎಂದೆ.

"ಮೌಸ್ ಹಿಡಿದು ಅಕ್ಷರ ತಿದ್ದಿಸಲಾಗುತ್ತದೆಯೇ ರಾಯರೇ?" ಎಂದರು.

ಆಗ ನನಗೆ ಸಂಗತಿಯ ತಿರುಳು ತಿಳಿಯಿತು. ಪ್ರತಿ ಭಾನುವಾರ ಬೆಳಿಗ್ಗೆ ಆರೂವರೆಗೆ, ಅಂದರೆ ಈ ಚಳಿಗಾಲದಲ್ಲಿ ಅಲ್ಲಿ ಶನಿವಾರ ರಾತ್ರಿ ಎಂಟಕ್ಕೆ, ಅಜ್ಜಿ ಮೊಮ್ಮಗಳಿಗೆ ಕನ್ನಡ ಕಲಿಸುತ್ತಾರೆ. ಪರದೆಯ ಮೇಲೆ ಒಂದು ಅಕ್ಷರವನ್ನು ದೊಡ್ಡದಾಗಿ ಮೂಡಿಸಿಕೊಳ್ಳುತ್ತಾರೆ. ಟಚ್‌ಪ್ಯಾಡಿನ ಮೇಲೆ ತೋರುಬೆರಳು ಇಟ್ಟು ಅಕ್ಷರದ ಗೆರೆಗುಂಟ ಬಾಣವನ್ನು ನಿಧಾನವಾಗಿ ನಡೆಸುತ್ತಾರೆ. ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಸುಳಿ ಎಂಬುದು ಅಲ್ಲಿ ಕುಳಿತ ಮಗುವಿಗೆ ಕಾಣುತ್ತದೆ. ಮಗು ಕಾಗದದ ಮೇಲೆ ಹಾಗೆಯೇ ತಿದ್ದುತ್ತದೆ. ಹಿಂದೆ ನಮ್ಮ ಬೆರಳನ್ನು ಹಿಡಿದು ಮರಳಿನ ಮೇಲೆ, ಅಕ್ಕಿಯ ಮೇಲೆ ಬರೆಸುತ್ತಿದ್ದರಲ್ಲ, ಇದು ಅದೇ. ಮರಳಿನ ಬದಲು ಗಾಜಿನ ಹಲಗೆ, ಅಷ್ಟೆ. ಅಜ್ಜಿಯ ಬೆರಳು ಚೆನ್ನೈಯಲ್ಲಿ, ಅಕ್ಷರ ನ್ಯೂಜೆರ್ಸಿಯಲ್ಲಿ. ಪರಊರಿನಲ್ಲಿರುವ ನಮ್ಮಂಥವರ ಮನೆಗಳಲ್ಲಿ ಒಂದು ತಲೆಮಾರು ತಪ್ಪಿದರೆ ಭಾಷೆ ಹೋಗಿಬಿಡುತ್ತದೆ. ಇದನ್ನು ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಿಂದಿನ ಭಾನುವಾರ ಅಲ್ಲಿಯವರು ರಜೆಗೆಂದು ಊರು ಬಿಟ್ಟಿದ್ದರಂತೆ, ಪಾಠ ನಡೆದಿರಲಿಲ್ಲ. ಈ ಭಾನುವಾರವೂ ತಪ್ಪಿದರೆ ಮಗುವಿಗೆ ಹಟ ಬಿಟ್ಟುಹೋಗುತ್ತದೆಂಬ ಚಿಂತೆ.

ನಾನು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ತೆರೆದೆ. ನನ್ನ ಬೆರಳನ್ನು ಹಲಗೆಯ ಮೇಲೆ ಎಳೆದೆ. ಬಾಣ ಕದಲಲಿಲ್ಲ. ನಮ್ಮಾಕೆಯನ್ನು ಕರೆದು ಅವಳ ಬೆರಳನ್ನೂ ಇಡಿಸಿದೆ. ಕದಲಲಿಲ್ಲ. ಶಾಲೆಗೆ ಹೋಗುವ ಮೊಮ್ಮಗ ಬಂದು ತಾನೂ ಒಂದು ಕೈ ನೋಡಿದ. ಅವನಿಗೂ ಕದಲಲಿಲ್ಲ.

"ನೋಡಿದಿರಾ ಅಮ್ಮಾ? ಬೆರಳು ಹೋಗಿದ್ದರೆ ಈ ಮನೆಯಲ್ಲಿ ನಾಲ್ಕು ಜನರ ಬೆರಳೂ ಹೋಗಿರಬೇಕು" ಎಂದೆ.

ಟೀಚರಮ್ಮ ಮೂರು ದಿನದಲ್ಲಿ ಮೊದಲ ಸಲ ನಕ್ಕರು.

ಇಲ್ಲಿ ಸ್ವಲ್ಪ ನಿಂತು, ಈ ಹಲಗೆ ಹೇಗೆ ಕೆಲಸ ಮಾಡುತ್ತದೆಂದು ನೋಡೋಣ. ಅದು ತಿಳಿದರೆ ಅರ್ಧ ರಿಪೇರಿ ಆದಂತೆ. ಟಚ್‌ಪ್ಯಾಡಿನ ನುಣುಪಾದ ಹೊದಿಕೆಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ ಸಣ್ಣ ಲೋಹದ ಗೆರೆಗಳ ಜಾಲವೊಂದಿದೆ. ಹೆಂಗಸರು ಬಾಗಿಲ ಮುಂದೆ ರಂಗೋಲಿಗೆ ಚುಕ್ಕಿ ಇಡುತ್ತಾರಲ್ಲ, ಹಾಗೆ ಆ ಗೆರೆಗಳು ಕೂಡುವಲ್ಲೆಲ್ಲ ಒಂದೊಂದು ಚುಕ್ಕಿ ಎಂದು ತಿಳಿಯಿರಿ. ಪ್ರತಿ ಚುಕ್ಕಿಯಲ್ಲಿಯೂ ಅತಿ ಸ್ವಲ್ಪ ವಿದ್ಯುತ್ತು ನಿಂತಿರುತ್ತದೆ. ನಮ್ಮ ದೇಹ ವಿದ್ಯುತ್ತನ್ನು ಹರಿಯಗೊಡುವ ವಸ್ತು. ಬೆರಳು ಹತ್ತಿರ ಬಂದೊಡನೆ ಆ ಚುಕ್ಕಿಯ ಲೆಕ್ಕದಲ್ಲಿ ಎಳ್ಳಷ್ಟು ವ್ಯತ್ಯಾಸವಾಗುತ್ತದೆ. ಒಳಗಿನ ಚಿಪ್ಪು ಸೆಕೆಂಡಿಗೆ ಹತ್ತಾರು ಸಲ ಎಲ್ಲ ಚುಕ್ಕಿಗಳನ್ನೂ ಎಣಿಸುತ್ತ, ವ್ಯತ್ಯಾಸ ಯಾವ ಚುಕ್ಕಿಯಿಂದ ಯಾವ ಚುಕ್ಕಿಗೆ ಸರಿಯಿತೆಂದು ನೋಡಿ ಬಾಣವನ್ನು ಅತ್ತ ಸರಿಸುತ್ತದೆ.

ಆದ್ದರಿಂದ ಬಾಣ ನಡೆಸುವುದಕ್ಕೆ ಒತ್ತಬೇಕಾಗಿಲ್ಲ, ಉಜ್ಜಬೇಕಾಗಿಯೂ ಇಲ್ಲ. ಪೆನ್ಸಿಲ್ಲಿನ ತುದಿಯಿಂದ, ಉಗುರಿನಿಂದ, ಕೈಚೀಲದ ಬೆರಳಿನಿಂದ ಎಷ್ಟು ತೀಡಿದರೂ ಅದಕ್ಕೆ ತಿಳಿಯದು. ತುಂಬ ಒಣಗಿ ದಪ್ಪಗಟ್ಟಿದ ಚರ್ಮವಾದರೆ ಗುರುತು ಸ್ವಲ್ಪ ಮಂಕಾಗುವುದುಂಟು. ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಬೆರಳ ತುದಿಯ ಬದಲು ಬೆರಳ ಮೆತ್ತೆಯನ್ನು ಇಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬೆರಳಚ್ಚಿನ ಯಂತ್ರದ ದಾರಿಯೇ ಬೇರೆ. ಅದು ಹುಡುಕುವುದು ಗೆರೆಗಳನ್ನು. ಟಚ್‌ಪ್ಯಾಡಿಗೆ ಗೆರೆ ಬೇಕಾಗಿಲ್ಲ, ಬೆರಳು ಯಾರದೆಂದು ಅದು ಕೇಳುವುದೂ ಇಲ್ಲ. ಟೀಚರಮ್ಮನ ಎರಡು ದುಃಖಗಳಿಗೆ ಒಂದಕ್ಕೊಂದು ಸಂಬಂಧವೇ ಇರಲಿಲ್ಲ.

ಇಂಥ ಹಲಗೆ ಬಂದದ್ದೂ ತೀರ ಹಳೆಯ ಕಾಲದಲ್ಲೇನಲ್ಲ. ಜಾರ್ಜ್ ಗೆರ್ಫೈಡ್ ಎಂಬ ಅಮೆರಿಕದ ವಿಜ್ಞಾನಿ ೧೯೮೮ರ ಸುಮಾರಿಗೆ ಇದನ್ನು ರೂಪಿಸಿದ. ೧೯೯೪ರಲ್ಲಿ ಆಪಲ್ ಕಂಪೆನಿಯ ಪವರ್‌ಬುಕ್ ೫೦೦ ಮಾದರಿಗಳಲ್ಲಿ ಅದು ಕಾಣಿಸಿಕೊಂಡಿತು. ಅದಕ್ಕೆ ಮುಂಚೆ ಹಲವು ಲ್ಯಾಪ್‌ಟಾಪುಗಳಲ್ಲಿ ಉರುಳಿಸುವ ಒಂದು ಗುಂಡು ಇರುತ್ತಿತ್ತು. ಗುಂಡಿಗೆ ಕೊಳೆ ಹಿಡಿದು ತಿರುಗದಿದ್ದರೆ ಹೊರಗೆ ತೆಗೆದು ಒರೆಸುತ್ತಿದ್ದರು. ತಪ್ಪು ಕಣ್ಣಿಗೆ ಕಾಣುತ್ತಿತ್ತು. ಈ ಹಲಗೆಯಲ್ಲಿ ತಪ್ಪು ಕಣ್ಣಿಗೆ ಕಾಣದು. ಅದಕ್ಕೇ ನಾವು ಬೇಗ ಹೆದರುತ್ತೇವೆ, ಅಂಗಡಿಯವರು ಹೇಳಿದ ಬೆಲೆಗೆ ತಲೆಯಾಡಿಸುತ್ತೇವೆ.

ಇನ್ನು ಹುಡುಕುವ ಕ್ರಮ. ನಮ್ಮ ನುಂಗಂಬಾಕ್ಕಂನ ಕಾಲೇಜು ರಸ್ತೆಯಲ್ಲಿ ಹವಾಮಾನ ಕಚೇರಿ ಇದೆಯಲ್ಲ, ದಿನಾ ವಾರ್ತೆಯಲ್ಲಿ 'ನುಂಗಂಬಾಕ್ಕಂನಲ್ಲಿ ಇಷ್ಟು ಡಿಗ್ರಿ' ಎಂದು ಹೇಳುತ್ತಾರಲ್ಲ, ಅದೇ ಆವರಣದಲ್ಲಿ ೧೭೯೨ರಲ್ಲಿ ಕಟ್ಟಿದ ಖಗೋಳ ವೀಕ್ಷಣಾಲಯದ ಕಲ್ಲುಕಂಬ ಇಂದಿಗೂ ಇದೆ. ನಕ್ಷತ್ರಗಳನ್ನು ನೋಡುವ ದುರ್ಬೀನನ್ನು ಆ ಕಂಬದ ಮೇಲೆ ಕೂರಿಸುತ್ತಿದ್ದರು. ದುರ್ಬೀನಿಗಿಂತ ಮೊದಲು ಅದರ ಬುಡ ಅಲುಗಬಾರದು ಎಂಬುದು ಆ ಜನರ ವಿವೇಕ. ಮನೆಯ ಯಂತ್ರಕ್ಕೂ ಇದೇ ಮಾತು. ಹೊರಗಿನಿಂದ ಒಳಗೆ ಹೋಗಬೇಕು. ಖರ್ಚಿಲ್ಲದ್ದನ್ನು ಮೊದಲು ನೋಡಿ, ಖರ್ಚಿನದನ್ನು ಕೊನೆಗೆ ನೋಡಬೇಕು.

ನಾನು ಟೀಚರಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಇದು: "ಕೊನೆಯ ಸಲ ಇದು ಸರಿಯಾಗಿ ನಡೆದದ್ದು ಯಾವಾಗ? ಆಮೇಲೆ ಇದನ್ನು ಯಾರು ಮುಟ್ಟಿದರು?"

"ಮಗ ಬಂದು ಒಂದು ವಾರ ಇದ್ದ. ಇದರಲ್ಲೇ ಆಫೀಸಿನ ಕೆಲಸ ಮಾಡಿಕೊಂಡ. ಸೋಮವಾರ ಹೊರಟ. ಆದರೆ ಅವನು ಏನೂ ಕೆಡಿಸಿಲ್ಲಪ್ಪ, ಪಾಪ. ನನ್ನ ಅಂಗೈ ತಾಗಿ ಬಾಣ ಎಲ್ಲೆಲ್ಲೋ ಹಾರುತ್ತದೆ ಅಂತ ಏನೋ ಸರಿಮಾಡಿಯೇ ಹೋದ."

'ಸರಿಮಾಡಿಯೇ ಹೋದ' ಎಂಬ ಮಾತನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ. ಆದರೂ ಕ್ರಮ ಬಿಡಲಿಲ್ಲ.

ಮೊದಲು ಯಂತ್ರವನ್ನು ಆರಿಸಿ, ಮೆತ್ತನೆಯ ಒಣ ಬಟ್ಟೆಯಿಂದ ಹಲಗೆಯನ್ನು ಒರೆಸಿದೆ. ನಮ್ಮ ಚೆನ್ನೈಯ ಸೆಕೆ ನಿಮಗೆ ಗೊತ್ತೇ ಇದೆ. ಬೆವರು, ಕೊಬ್ಬರಿ ಎಣ್ಣೆ, ಕೈಗೆ ಹಚ್ಚುವ ಕ್ರೀಮು, ವಿಭೂತಿ, ಎಲ್ಲವೂ ಅಲ್ಲಿ ಪದರವಾಗಿ ಕೂರುತ್ತವೆ. ನೀರಿನ ಹನಿಯೊಂದು ನಿಂತರೆ ಹಲಗೆ ಅದನ್ನೇ ಬೆರಳೆಂದು ಭ್ರಮಿಸುತ್ತದೆ. ಜಿಡ್ಡು ಹೋಗದಿದ್ದರೆ ಬಟ್ಟೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಸ್ವಲ್ಪವೇ ತೇವ ಮಾಡಿ ಒರೆಸಬಹುದು. ಹಲಗೆಯ ಮೇಲೆ ನೇರವಾಗಿ ಏನನ್ನೂ ಚಿಮುಕಿಸಬಾರದು.

ಎರಡನೆಯದಾಗಿ, ಚಾರ್ಜರನ್ನು ಕಿತ್ತು ನೋಡಿದೆ. ಇದಕ್ಕೆ ಕಾರಣವುಂಟು. ನಮ್ಮ ಮನೆಯಲ್ಲೇ ಒಮ್ಮೆ ಬಾಣ ಹುಚ್ಚುಹಿಡಿದಂತೆ ನಡುಗುತ್ತಿತ್ತು. ಚಾರ್ಜರ್ ಕಿತ್ತರೆ ಸಾಧು, ಹಾಕಿದರೆ ಮತ್ತೆ ಹುಚ್ಚು. ನೋಡಿದರೆ ಆ ಗೋಡೆಯ ಪ್ಲಗ್ಗಿಗೆ ಅರ್ತಿಂಗೇ ಇರಲಿಲ್ಲ. ಹಳೆಯ ಕಟ್ಟಡಗಳಲ್ಲಿ ಇದು ಅಪರೂಪವಲ್ಲ. ಚಾರ್ಜರಿನ ವಿದ್ಯುತ್ತಿನ ಗದ್ದಲ ನೆಲಕ್ಕಿಳಿಯದೆ ಯಂತ್ರದ ಮೈಯಲ್ಲೇ ಸುಳಿದಾಡಿದಾಗ, ಎಳ್ಳಷ್ಟು ವ್ಯತ್ಯಾಸ ಎಣಿಸುವ ಹಲಗೆಗೆ ಲೆಕ್ಕ ತಪ್ಪುತ್ತದೆ. ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದಾಗ ಕೈಗೆ ಜುಮ್ಮೆನ್ನುತ್ತಿದ್ದರೂ ಅರ್ತಿಂಗನ್ನು ಒಮ್ಮೆ ನೋಡಿಸಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ತೂತಿಗೆ ಸಿಗಿಸಲು ಹೋಗಬೇಡಿ. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಅದು ಟಚ್‌ಪ್ಯಾಡಿಗಿಂತ ಮುಖ್ಯವಾದ ಕೆಲಸ.

ಮೂರನೆಯದಾಗಿ, ರೀಸ್ಟಾರ್ಟ್ ಮಾಡಿದೆ. "ದಿನಾ ಆರಿಸಿ ಹಚ್ಚುತ್ತಲೇ ಇದ್ದೇನಲ್ಲ?" ಎಂದರು ಟೀಚರಮ್ಮ. ಇಲ್ಲೊಂದು ಸೂಕ್ಷ್ಮವಿದೆ. ವಿಂಡೋಸ್ ಯಂತ್ರಗಳಲ್ಲಿ ೨೦೧೨ರಿಂದ ಈಚೆಗೆ 'ಶಟ್ ಡೌನ್' ಒತ್ತಿದರೆ ಅದು ಸಾಮಾನ್ಯವಾಗಿ ಪೂರ್ತಿ ಮಲಗುವುದಿಲ್ಲ. ಮರುದಿನ ಬೇಗ ಏಳಬೇಕೆಂದು ಒಳಗಿನ ಸ್ಥಿತಿಯ ಒಂದು ಭಾಗವನ್ನು ಹಾಗೆಯೇ ಬರೆದಿಟ್ಟುಕೊಂಡು ಮಲಗುತ್ತದೆ. ತಪ್ಪು ಆ ಭಾಗದಲ್ಲಿದ್ದರೆ ತಪ್ಪೂ ಅದರೊಂದಿಗೇ ಏಳುತ್ತದೆ. 'ರೀಸ್ಟಾರ್ಟ್' ಒತ್ತಿದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡುತ್ತದೆ. ಬಾಣವಿಲ್ಲದೆ ಒತ್ತುವುದು ಹೇಗೆ? ಎಲ್ಲ ಕಿಟಕಿಗಳನ್ನೂ ಮುಚ್ಚಿದ ಮೇಲೆ ಆಲ್ಟ್ ಕೀಲಿ ಹಿಡಿದು ಎಫ್ ೪ ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಕೆಳಗಿನ ಮೇಲಿನ ಗೆರೆಗೀಲಿಗಳಿಂದ 'ರೀಸ್ಟಾರ್ಟ್' ಆರಿಸಿ ಎಂಟರ್ ಒತ್ತಿದರಾಯಿತು.

ನಾಲ್ಕನೆಯದಾಗಿ, ಕೀಲಿಮಣೆಯ ಮೇಲಿನ ಸಾಲನ್ನು ನೋಡಿದೆ. ಹಲವು ಯಂತ್ರಗಳಲ್ಲಿ ಎಫ್ ೧ ರಿಂದ ಎಫ್ ೧೨ ರವರೆಗಿನ ಕೀಲಿಗಳಲ್ಲೊಂದರ ಮೇಲೆ ಸಣ್ಣ ಚೌಕದ ಚಿತ್ರವಿರುತ್ತದೆ, ಅದರ ಮೇಲೊಂದು ಅಡ್ಡಗೆರೆ. ಅದು ಟಚ್‌ಪ್ಯಾಡನ್ನು ಆರಿಸುವ, ಹಚ್ಚುವ ಕೀಲಿ. ಕೆಲವದರಲ್ಲಿ ಅದನ್ನು ಒಂದೇ ಒತ್ತಬೇಕು, ಕೆಲವದರಲ್ಲಿ ಮೂಲೆಯ ಎಫ್‌ಎನ್ ಕೀಲಿಯೊಡನೆ ಒತ್ತಬೇಕು. ಮೇಜು ಒರೆಸುವಾಗ, ಮಕ್ಕಳು ಆಡುವಾಗ ಅದು ಅರಿವಿಲ್ಲದೆ ಒತ್ತಿಹೋಗುತ್ತದೆ. ಕೆಲವು ಹಳೆಯ ಮಾದರಿಗಳಲ್ಲಿ ಹಲಗೆಯ ಎಡ ಮೇಲ್ಮೂಲೆಯನ್ನು ಎರಡು ಸಲ ತಟ್ಟಿದರೂ ಹಲಗೆ ಆರುತ್ತದೆ; ಆಗ ಆ ಮೂಲೆಯಲ್ಲೊಂದು ಸಣ್ಣ ದೀಪ ಹತ್ತಿಕೊಳ್ಳುತ್ತದೆ. ಟೀಚರಮ್ಮನ ಯಂತ್ರದಲ್ಲಿ ಚೌಕದ ಕೀಲಿ ಇತ್ತು. ಒತ್ತಿದೆ. ಬಾಣ ಜಪ್ಪಯ್ಯ ಎನ್ನಲಿಲ್ಲ.

ಐದನೆಯದಾಗಿ, ಸೆಟ್ಟಿಂಗ್ಸ್. ವಿಂಡೋಸ್ ಗುರುತಿನ ಕೀಲಿ ಒತ್ತಿ, ಟಚ್‌ಪ್ಯಾಡ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಬೆರಳಚ್ಚಿಸಿ, ಎಂಟರ್ ಒತ್ತಿದರೆ ಟಚ್‌ಪ್ಯಾಡಿನ ಪುಟ ತೆರೆಯುತ್ತದೆ. ಟ್ಯಾಬ್ ಕೀಲಿ ಒಂದೊಂದೇ ಮನೆಗೆ ಕರೆದೊಯ್ಯುತ್ತದೆ, ಸ್ಪೇಸ್ ಕೀಲಿ ಗುರುತು ಹಾಕುತ್ತದೆ, ತೆಗೆಯುತ್ತದೆ. ಟೀಚರಮ್ಮನೇ ಒತ್ತಿದರು, ನಾನು ಪಕ್ಕದಲ್ಲಿ ಕುಳಿತು ಹೇಳಿದೆ. ಹಾಗೆ ಹೋಗುತ್ತ ಒಂದು ಸಾಲು ಸಿಕ್ಕಿತು. 'ಮೌಸ್ ಜೋಡಿಸಿದ್ದಾಗಲೂ ಟಚ್‌ಪ್ಯಾಡ್ ಹತ್ತಿಯೇ ಇರಲಿ' ಎಂಬ ಅರ್ಥದ ಸಾಲು. ಅದರ ಮುಂದಿನ ಮನೆಯಲ್ಲಿ ಗುರುತಿರಲಿಲ್ಲ.

"ಓಹೋ" ಎಂದೆ.

"ಏನು ಓಹೋ? ಮೌಸೇ ಇಲ್ಲವಲ್ಲ ನನ್ನ ಹತ್ತಿರ!" ಎಂದರು ಟೀಚರಮ್ಮ.

ನಾನು ಯಂತ್ರವನ್ನು ಎತ್ತಿ, ಮಗ್ಗುಲನ್ನು ದೀಪಕ್ಕೆ ಹಿಡಿದೆ. ಯುಎಸ್‌ಬಿ ತೂತಿನಲ್ಲಿ, ಯಂತ್ರದ ಮೈಬಣ್ಣಕ್ಕೇ ಹೊಂದಿಕೊಂಡು, ಕಿರುಬೆರಳ ಉಗುರಿನಷ್ಟು ಕಪ್ಪು ತುಣುಕೊಂದು ಕುಳಿತಿತ್ತು. ಮೊಮ್ಮಗ ಅದನ್ನು ನೋಡಿದವನೇ, "ಅಜ್ಜಿ, ಇದು ವಯರ್‌ಲೆಸ್ ಮೌಸಿನ ರಿಸೀವರ್!" ಎಂದು ಕೂಗಿದ.

ಕಥೆ ಇಷ್ಟೆ. ಮಗ ತನ್ನ ಮೌಸ್ ತಂದಿದ್ದ. ಅಮ್ಮನ ಅಂಗೈ ತಾಗಿ ಬಾಣ ಹಾರುವುದನ್ನು ಕಂಡು, ಮೌಸ್ ಇರುವಷ್ಟು ಹೊತ್ತು ಹಲಗೆ ಸುಮ್ಮನಿರಲೆಂದು ಆ ಗುರುತನ್ನು ತೆಗೆದಿದ್ದ. ಹೊರಡುವಾಗ ಮೌಸನ್ನು ಚೀಲಕ್ಕೆ ಹಾಕಿಕೊಂಡ, ತುಣುಕನ್ನು ಮರೆತ. ತುಣುಕು ಇರುವವರೆಗೆ ಯಂತ್ರದ ಪಾಲಿಗೆ ಮೌಸ್ ಇದ್ದಂತೆಯೇ. ಪುಣೆಯ ಮೌಸಿಗಾಗಿ ನುಂಗಂಬಾಕ್ಕಂನ ಹಲಗೆ ಮೂರು ದಿನ ಮೌನವ್ರತ ಹಿಡಿದಿತ್ತು. ತುಣುಕನ್ನು ಕಿತ್ತು ಮೇಜಿನ ಮೇಲಿಟ್ಟೆ. ಟೀಚರಮ್ಮ ಸಂಕೋಚದಿಂದ ಬೆರಳಿಟ್ಟರು. ಬಾಣ ಕದಲಿತು.

ಹನ್ನೊಂದು ಸಾವಿರ ಕೇಳಿದ ಅಂಗಡಿಯವನನ್ನು ನಮ್ಮಾಕೆ ಬಾಯಿತುಂಬ ಬೈದಳು. ನನಗೆ ಅವನ ಮೇಲೆ ಅಷ್ಟು ಸಿಟ್ಟಿಲ್ಲ. ಅವನು ಯಂತ್ರವನ್ನು ನೋಡಿದ, ಯಂತ್ರದ ಕಥೆಯನ್ನು ಕೇಳಲಿಲ್ಲ. ಆ ಕಥೆ ಗೊತ್ತಿರುವುದು ಮನೆಯವರಿಗೆ. ಆದ್ದರಿಂದ ಮೊದಲ ಪರೀಕ್ಷೆ ಮನೆಯಲ್ಲೇ ನಡೆಯಬೇಕು. ಆಪಲ್ ಯಂತ್ರದವರಿಗೂ ಒಂದು ಮಾತು: ಅದರಲ್ಲಿಯೂ ಆಕ್ಸೆಸಿಬಿಲಿಟಿ ಎಂಬ ವಿಭಾಗದಲ್ಲಿ ಇಂಥದೇ ಒಂದು ಆಯ್ಕೆಯಿದೆ. ಅದು ಹತ್ತಿದ್ದರೆ, ಪಕ್ಕದ ಕೋಣೆಯ ಮೇಜಿನ ಮೇಲಿರುವ ಬ್ಲೂಟೂತ್ ಮೌಸ್ ಕೂಡ ಹಲಗೆಯನ್ನು ಸುಮ್ಮನಾಗಿಸೀತು.

ಇಷ್ಟರಲ್ಲೂ ಸರಿಹೋಗದಿದ್ದರೆ? ವಿಂಡೋಸ್ ಯಂತ್ರ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಂಡ ಮರುದಿನ ತೊಂದರೆ ಕಂಡಿದ್ದರೆ, ಹಲಗೆಗೂ ಯಂತ್ರಕ್ಕೂ ನಡುವೆ ದುಭಾಷಿಯಂತಿರುವ ಡ್ರೈವರ್ ಎಂಬ ತಂತ್ರಾಂಶ ಕೆಟ್ಟಿರಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಅದರ ಹಳೆಯ ಆವೃತ್ತಿಗೆ ಹಿಂತಿರುಗಬಹುದು, ಇಲ್ಲವೇ ಕಂಪೆನಿಯ ತಾಣದಿಂದ ಹೊಸದನ್ನು ತರಿಸಿಕೊಳ್ಳಬಹುದು. ಆ ಹೊತ್ತಿಗೆ ಒಂದು ಸಾದಾ ತಂತಿಯ ಮೌಸ್ ಮನೆಯಲ್ಲಿದ್ದರೆ ಕೆಲಸ ಸಲೀಸು. ಅದೂ ಆಗದಿದ್ದರೆ ಒಳಗಿನ ಪಟ್ಟಿತಂತಿ ಸಡಿಲವಾಗಿರಬಹುದು, ಹಲಗೆಯೇ ಹೋಗಿರಬಹುದು. ಆಗ ರಿಪೇರಿಯವರ ಬಳಿ ಹೋಗಲೇಬೇಕು. ಹೋಗುವಾಗ, ನೀವು ಏನೇನು ಮಾಡಿ ನೋಡಿದಿರೆಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮುಖ್ಯವಾದ ಕಾಗದಪತ್ರ, ಭಾವಚಿತ್ರಗಳ ನಕಲು ತೆಗೆದಿಟ್ಟುಕೊಳ್ಳಿ. "ಹಲಗೆಯೊಂದನ್ನೇ ಬದಲಾಯಿಸಿದರೆ ಎಷ್ಟು?" ಎಂದು ಬಿಡಿಸಿ ಕೇಳಿ. ಟಚ್‌ಪ್ಯಾಡ್ ಬಹುಪಾಲು ಯಂತ್ರಗಳಲ್ಲಿ ಬೇರೆಯೇ ಬಿಡಿಭಾಗ. ಅದಕ್ಕಾಗಿ ಮದರ್‌ಬೋರ್ಡನ್ನು ಬದಲಿಸಬೇಕಾಗುವುದು ಅಪರೂಪ. ಮೌಂಟ್ ರೋಡಿನ ಬಳಿಯ ರಿಚಿ ಸ್ಟ್ರೀಟಿನಲ್ಲಿ ಬಿಡಿಭಾಗ ಮಾರುವ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿ ನಾಲ್ಕು ಕಡೆ ಬೆಲೆ ವಿಚಾರಿಸಿದರೆ ಲೋಕಜ್ಞಾನ ತಾನಾಗಿ ಬರುತ್ತದೆ.

ಈಗ ಕೊನೆಯ ಮಾತು. ಇದನ್ನು ದಯವಿಟ್ಟು ಎಚ್ಚರದಿಂದ ಓದಿ. ಮೇಲೆ ಹೇಳಿದ ಎಲ್ಲದಕ್ಕೂ ತಾಳ್ಮೆ ಬೇಕು; ಒಂದು ಸಂದರ್ಭದಲ್ಲಿ ಮಾತ್ರ ತಾಳ್ಮೆ ಅಪಾಯ. ಹಲವು ಲ್ಯಾಪ್‌ಟಾಪುಗಳಲ್ಲಿ ಟಚ್‌ಪ್ಯಾಡಿನ ಕೆಳಗೇ ಲಿಥಿಯಂ ಬ್ಯಾಟರಿ ಇರುತ್ತದೆ. ಹಳೆಯದಾದಂತೆ, ಅದರಲ್ಲೂ ಸದಾ ಚಾರ್ಜಿನಲ್ಲೇ ಇಟ್ಟು ಸೆಕೆಯಲ್ಲಿ ಬಳಸಿದರೆ, ಬ್ಯಾಟರಿಯೊಳಗೆ ಅನಿಲ ಸೇರಿ ಅದು ಹಪ್ಪಳದ ಹಾಗೆ ಉಬ್ಬುತ್ತದೆ. ಉಬ್ಬಿದ ಬ್ಯಾಟರಿ ಹಲಗೆಯನ್ನು ಕೆಳಗಿನಿಂದ ಒತ್ತುತ್ತದೆ. ಮೊದಲು ಹಲಗೆಯನ್ನು ಅದುಮಿದಾಗ ಬರುವ ಟಕ್ಕೆಂಬ ಶಬ್ದ ನಿಲ್ಲುತ್ತದೆ, ಆಮೇಲೆ ಹಲಗೆಯ ಒಂದು ಅಂಚು ಎದ್ದು ನಿಲ್ಲುತ್ತದೆ, ಮುಚ್ಚಳ ಸರಿಯಾಗಿ ಕೂರುವುದಿಲ್ಲ, ಸಮತಟ್ಟಾದ ಮೇಜಿನ ಮೇಲಿಟ್ಟರೆ ಯಂತ್ರ ಅಲ್ಲಾಡುತ್ತದೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಹೀಗಾದಾಗ, ಹಲಗೆ ಎದ್ದಿತೆಂದು ಅದರ ಮೇಲೆ ದಪ್ಪ ಪುಸ್ತಕಗಳನ್ನು ಹೇರಿ ರಾತ್ರಿಯಿಡೀ ಬಿಟ್ಟಿದ್ದರು. ದೇವರ ದಯೆ, ಏನೂ ಆಗಲಿಲ್ಲ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಬಾರದು. ಅದು ಹೊತ್ತಿ ಉರಿಯಬಲ್ಲದು. ತಕ್ಷಣ ಆರಿಸಿ, ಚಾರ್ಜರ್ ಕಿತ್ತು, ಹಾಸಿಗೆ ಪರದೆಗಳಿಂದ ದೂರವಿಟ್ಟು, ತಿಳಿದವರಿಂದ ಬ್ಯಾಟರಿ ಬದಲಾಯಿಸಿಕೊಳ್ಳಿ. ಹಳೆಯದನ್ನು ಕಸದ ಬುಟ್ಟಿಗೆ ಹಾಕಬೇಡಿ. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಅದನ್ನು ಬೇರೆಯಾಗಿಯೇ ಸಂಗ್ರಹಕ್ಕೆ ಕೊಡಬೇಕು. ಆದ್ದರಿಂದ ಬೆರಳು ಇಡುವ ಮುಂಚೆ ಕಣ್ಣು ಇಡಿ: ಹಲಗೆ ಮಟ್ಟಸವಾಗಿದೆಯೇ? ಇದ್ದರೆ ಮಾತ್ರ ಮುಂದಿನ ಪರೀಕ್ಷೆ. ಟೀಚರಮ್ಮನ ಯಂತ್ರವನ್ನು ಮೇಜಿನ ಮೇಲಿಟ್ಟೊಡನೆ ನಾನು ಮೊದಲು ನೋಡಿದ್ದೂ ಅದನ್ನೇ.

ಹಾಗೆಯೇ ಹಲಗೆಯ ಮೇಲೆ ಕಾಫಿ ಚೆಲ್ಲಿದರೆ, ಒರೆಸುತ್ತ ಕೂರದೆ ಮೊದಲು ಯಂತ್ರವನ್ನು ಆರಿಸಿ, ಚಾರ್ಜರ್ ಕಿತ್ತು, ಕವುಚಿ ಇಡಿ. ಸರಿಯಾಗಿದೆಯೇ ನೋಡೋಣವೆಂದು ಅರ್ಧ ಗಂಟೆಗೊಮ್ಮೆ ಹಚ್ಚಿ ನೋಡುವ ಚಪಲದಿಂದಲೇ ಎಷ್ಟೋ ಯಂತ್ರಗಳು ಸತ್ತಿವೆ.

ಟೀಚರಮ್ಮ ಆ ರಾತ್ರಿ ಮಗನಿಗೆ ಫೋನ್ ಮಾಡಿದರಂತೆ. ಬೈದರೇ ಎಂದು ಕೇಳಿದೆ. "ಇಲ್ಲಪ್ಪ. ಊಟ ಆಯಿತಾ ಅಂತ ಕೇಳಿದೆ. ಆ ತುಣುಕನ್ನು ಅಂಚೆಯಲ್ಲಿ ಕಳಿಸಲಾ ಅಂತಲೂ ಕೇಳಿದೆ. ಅಲ್ಲೇ ಇರಲಿ ಅಮ್ಮಾ, ಸಂಕ್ರಾಂತಿಗೆ ಬಂದಾಗ ತೆಗೆದುಕೊಳ್ಳುತ್ತೇನೆ ಅಂದ" ಎಂದರು. ತುಣುಕಿನ ನೆಪದಲ್ಲಿ ಸಂಕ್ರಾಂತಿಗೆ ಬರುವ ಮಾತೂ ಬಂತಲ್ಲ ಎಂಬ ಸಂತೋಷ ಅವರ ಮುಖದಲ್ಲಿತ್ತು.

ಭಾನುವಾರ ಬೆಳಿಗ್ಗೆ ಆರೂವರೆಗೆ ಹಾಲಿನ ಪ್ಯಾಕೆಟ್ಟು ತರಲೆಂದು ಹೊರಬಿದ್ದವನು ಮೆಟ್ಟಿಲಲ್ಲಿ ನಿಂತೆ. ಮೇಲಿನ ಮನೆಯ ಕಿಟಕಿ ತೆರೆದಿತ್ತು. ಅಂದಿನ ಪಾಠ 'ಋ'. ಸುಲಭದ ಅಕ್ಷರವಲ್ಲ, ಎಷ್ಟು ತಿರುವು, ಎಷ್ಟು ಸುಳಿ!

"ಇಲ್ಲಿಂದ ಶುರು ಮಾಡು ಪುಟ್ಟಾ. ನನ್ನ ಬಾಣ ನೋಡು. ಕೆಳಗೆ ಬಾ… ಸುತ್ತು… ಅವಸರ ಬೇಡ."

"ಅಜ್ಜೀ, ಸ್ಲೋ ಆಗಿ ಇನ್ನೊಂದ್ಸಲ!"

"ಇನ್ನೊಂದ್ಸಲ ಏನು, ಹತ್ತು ಸಲ ತೋರಿಸ್ತೀನಿ."

ನಾನು ಹಾಲಿಗೆ ಹೋದೆ.

ನಿಮ್ಮ ಮನೆಯ ಯಂತ್ರ ಏನಾದರೂ ಮುನಿಸಿಕೊಂಡಿದ್ದರೆ ಸಂಘದ ವಿಳಾಸಕ್ಕೆ ಒಂದು ಕಾಗದ ಬರೆಯಿರಿ. ಅದು ಕೊನೆಯ ಸಲ ಸರಿಯಾಗಿ ನಡೆದದ್ದು ಯಾವಾಗ, ಆಮೇಲೆ ಯಾರು ಮುಟ್ಟಿದರು ಎಂಬುದನ್ನು ಮಾತ್ರ ಮರೆಯದೆ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಇಸ್ತ್ರಿಪೆಟ್ಟಿಗೆ. ಅಷ್ಟರೊಳಗೆ ಮತ್ತೆ ಯಾರೂ ಬಾಗಿಲು ತಟ್ಟದಿದ್ದರೆ.